ಸಿಂಕಿನ ಕೆಳಗಿನ ಕಸದ ಬುಟ್ಟಿ

ಓದುಗರ ಪ್ರಶ್ನೆ: ನಾವು ಬೆಂಗಳೂರಿನ ಎಂಟು ಮನೆಗಳ ಚಿಕ್ಕ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಇದ್ದೇವೆ. ಅತ್ತೆ, ಮಾವ, ನಾವಿಬ್ಬರು, ಏಳು ವರ್ಷದ ಮಗಳು ಮತ್ತು 11 ತಿಂಗಳ ಮಗ, ಒಟ್ಟು ಆರು ಜನ. ಅಡುಗೆಮನೆಯ ಸಿಂಕಿನ ಕೆಳಗೆ 20 ಲೀಟರಿನ, ಕಾಲಿನಿಂದ ಒತ್ತಿ ತೆರೆಯುವ ಪ್ಲಾಸ್ಟಿಕ್ ಬುಟ್ಟಿ ಇದೆ. ಒಳಗೆ ಕಪ್ಪು ಕವರ್ ಹಾಕಿ ಎಲ್ಲವನ್ನೂ ಅದರಲ್ಲೇ ಹಾಕುತ್ತೇವೆ. ತರಕಾರಿ ಸಿಪ್ಪೆ, ಉಳಿದ ಅನ್ನ, ಹಾಲಿನ ಪ್ಯಾಕೆಟ್, ಮಗುವಿನ ಡೈಪರ್, ಪೇಪರಿನಲ್ಲಿ ಸುತ್ತಿದ ಮಾವನವರ ಇನ್ಸುಲಿನ್ ಸೂಜಿ ಎಲ್ಲವೂ ಅಲ್ಲಿಗೇ. ಎರಡು ಮೂರು ದಿನಕ್ಕೊಮ್ಮೆ ತುಂಬಿದಾಗ ಕವರ್ ಕಟ್ಟಿ ಗಾಡಿಗೆ ಕೊಡುತ್ತೇವೆ. ಎಷ್ಟು ಜಾಗ್ರತೆ ಮಾಡಿದರೂ ವಾಸನೆ ಹೋಗುವುದಿಲ್ಲ, ಸಣ್ಣ ನೊಣಗಳು ಹಾರುತ್ತಲೇ ಇರುತ್ತವೆ. ಹೋದ ವಾರ ಬೆಳಿಗ್ಗೆ ದೀಪ ಹಾಕಿ ನೋಡಿದರೆ ನೆಲದ ಮೇಲೆ ಅಕ್ಕಿಕಾಳಿನಂಥ ಬಿಳಿ ಹುಳುಗಳು ಹರಿದಾಡುತ್ತಿದ್ದವು. ಮಗ ಅಂಬೆಗಾಲಿಡುವುದು ಅದೇ ನೆಲದಲ್ಲಿ. ನನಗೆ ಕೈಕಾಲು ನಡುಗಿತು. ಪಕ್ಕದ ಮನೆಯವರು ಬುಟ್ಟಿಗೆ ಬ್ಲೀಚಿಂಗ್ ಪೌಡರ್ ಸುರಿಯಲು ಹೇಳಿದರು. ನನ್ನ ಯಜಮಾನರು ಗಾಳಿಯಾಡದ ಮುಚ್ಚಳದ ಸ್ಟೀಲ್ ಬುಟ್ಟಿಯನ್ನೂ ‘ಜೈವಿಕವಾಗಿ ಕರಗುವ’ ಹಸಿರು ಕವರುಗಳನ್ನೂ ತರಿಸೋಣ ಎನ್ನುತ್ತಾರೆ. ಕಸ ಬೇರ್ಪಡಿಸುವುದು ಮಾತ್ರ ವ್ಯರ್ಥ, ಗಾಡಿಯಲ್ಲಿ ಹೇಗೂ ಎಲ್ಲವನ್ನೂ ಬೆರೆಸುತ್ತಾರೆ ಎಂಬುದು ಅವರ ವಾದ. ರಾತ್ರಿ ಬುಟ್ಟಿ ಖಾಲಿ ಮಾಡೋಣವೆಂದರೆ ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಬಾರದು ಎಂದು ಅತ್ತೆಯವರು ಬಿಡುವುದಿಲ್ಲ. ಮಗುವಿಗೆ ಇದರಿಂದ ಅಪಾಯವಿದೆಯೇ? ನಾವು ಏನು ಮಾಡಬೇಕು?

ಉತ್ತರ:

ಮೊದಲು ಮಗುವಿನ ವಿಷಯ. ಆ ಬಿಳಿ ಹುಳುಗಳು ನೊಣದ ಮರಿಗಳು. ಅವು ಕಚ್ಚುವುದಿಲ್ಲ, ವಿಷ ಉಗುಳುವುದಿಲ್ಲ, ನೆಲದಲ್ಲಿ ಆಡುವ ಆರೋಗ್ಯವಂತ ಮಗುವಿನ ಚರ್ಮದೊಳಗೆ ಹೊಕ್ಕುವುದೂ ಇಲ್ಲ. ನೆಲವನ್ನು ಸೋಪಿನ ನೀರಿನಲ್ಲಿ ಒರೆಸಿ, ಮಗುವಿನ ಕೈ ತೊಳೆದಿದ್ದರೆ ಆ ಬೆಳಿಗ್ಗೆ ಆಗಬೇಕಾದದ್ದು ಆಗಿದೆ. ಮಗು ಒಂದನ್ನು ಬಾಯಿಗೆ ಹಾಕಿಕೊಂಡಿರಬಹುದೆಂಬ ಅನುಮಾನವಿದ್ದು, ವಾಂತಿ, ಭೇದಿ ಅಥವಾ ಜ್ವರ ಕಾಣಿಸಿಕೊಂಡರೆ ವೈದ್ಯರಿಗೆ ತೋರಿಸಿ. ಹೆಚ್ಚು ಚಿಂತಿಸಬೇಕಾದದ್ದು ಹುಳುವಿಗಿಂತ ಅದರ ತಾಯಿಯ ಬಗ್ಗೆ. ನೊಣವು ಡೈಪರಿನ ಮೇಲೆ ಕೂತ ಕಾಲಿನಲ್ಲೇ ಮುಚ್ಚದ ಅನ್ನದ ಮೇಲೂ ಕೂರುತ್ತದೆ. ಭೇದಿ, ಆಮಶಂಕೆ, ಟೈಫಾಯ್ಡ್‌ಗಳ ರೋಗಾಣುಗಳು ಮನೆಯೊಳಗೆ ಓಡಾಡಲು ಅದೊಂದು ದಾರಿ. ನಿಮ್ಮ ಮನೆಯಲ್ಲಿ ಡೈಪರ್ ಮತ್ತು ಅಡುಗೆ ಕಸ ಒಂದೇ ಬುಟ್ಟಿಯಲ್ಲಿ, ಅದೂ ಅಡುಗೆಮನೆಯಲ್ಲೇ ಇವೆ. ಇವತ್ತೇ ಬದಲಿಸಬೇಕಾದದ್ದು ಇದು.

ಈಗ ಹುಳು ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಮನೆನೊಣ ಒಂದು ಸಲಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ನಮ್ಮ ಬೇಸಿಗೆಯ ಹವೆಯಲ್ಲಿ ಅವು ಒಂದು ದಿನದೊಳಗೆ ಒಡೆಯುತ್ತವೆ. ಮರಿಗಳು ಒದ್ದೆ ಕಸದಲ್ಲಿ ಹುದುಗಿ ತಿಂದು, ನಾಲ್ಕೈದು ದಿನ ಕಳೆದ ಮೇಲೆ ಕೋಶ ಕಟ್ಟಲು ಒಣಗಿದ, ಕತ್ತಲ ಜಾಗ ಹುಡುಕಿಕೊಂಡು ಹೊರಗೆ ಹರಿಯುತ್ತವೆ. ನೀವು ನೆಲದ ಮೇಲೆ ಕಂಡದ್ದು ಹೀಗೆ ಬೆಳೆದು ಹೊರಟ ಹುಳುಗಳನ್ನು. ಆದರೆ ನೀವು ಕವರನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸುತ್ತೀರಿ. ಹಾಗಿದ್ದರೆ ನಾಲ್ಕೈದು ದಿನ ಬೆಳೆಯಲು ಅವಕ್ಕೆ ಜಾಗ ಸಿಕ್ಕಿದ್ದು ಎಲ್ಲಿ? ನನ್ನ ಅನುಭವದಲ್ಲಿ ಇದಕ್ಕೆ ಬಹುಪಾಲು ಒಂದೇ ಉತ್ತರ: ಕವರಿನ ಒಳಗಲ್ಲ, ಕವರಿನ ಕೆಳಗೆ. ಕವರನ್ನು ಪೂರ್ತಿ ಎತ್ತಿ ಬುಟ್ಟಿಯ ತಳವನ್ನು ಟಾರ್ಚ್ ಹಾಕಿ ನೋಡಿ. ಕಂದು ಬಣ್ಣದ ಲೋಳೆ, ಅದರಲ್ಲಿ ಅಂಟಿಕೊಂಡ ನಾಲ್ಕು ಅನ್ನದ ಅಗುಳು, ಒಂದು ಟೊಮೆಟೊ ಚೂರು ಸಿಗುವ ಸಾಧ್ಯತೆ ಹೆಚ್ಚು. ಕಾಲಿನಿಂದ ಒತ್ತುವ ಬುಟ್ಟಿಯಾದರೆ ಹಿಂಬದಿಯ ಕೀಲು ಮತ್ತು ತಳದ ಸರಳಿನ ಸಂದನ್ನೂ ನೋಡಿ.

ಮೂವತ್ತು ವರ್ಷ ನಗರಗಳ ಕಸದ ಕೆಲಸ ಮಾಡಿದ ಪರಿಸರ ಎಂಜಿನಿಯರ್ ನಾನು. ನೂರಾರು ಅಡುಗೆಮನೆಗಳ ಬುಟ್ಟಿಗಳನ್ನು ಬಗ್ಗಿ ನೋಡಿದ್ದೇನೆ. ಅತಿ ಕೊಳಕಾದ ಬುಟ್ಟಿಗಳನ್ನು ಕಂಡದ್ದು ಕವರ್ ಹಾಕಿ ಬಳಸುವ ಮನೆಗಳಲ್ಲಿ. ಕವರ್ ಇದೆ ಎಂಬ ಧೈರ್ಯದಿಂದ ಯಾರೂ ಬುಟ್ಟಿ ತೊಳೆಯುವುದಿಲ್ಲ. ತೆಳುವಾದ ಕವರು ಮೂಳೆಯ ತುದಿಗೋ ಮುರಿದ ಕಡ್ಡಿಗೋ ಹರಿದು ಸೋರುತ್ತದೆ, ಸೋರಿದ್ದರ ಮೇಲೆ ಹೊಸ ಕವರು ಕೂರುತ್ತದೆ. ಕವರ್ ಇಲ್ಲದ ಬಕೆಟ್ಟನ್ನು ದಿನವೂ ತೊಳೆಯಲೇಬೇಕಾಗುತ್ತದೆ, ತೊಳೆಯುತ್ತೇವೆ.

ಸಣ್ಣ ನೊಣಗಳ ಬಗ್ಗೆಯೂ ಒಂದು ಮಾತು. ಅವು ಈ ಬಿಳಿ ಹುಳುಗಳ ಮಕ್ಕಳಲ್ಲ, ಬೇರೆ ಜಾತಿ. ಕಂದು ಮೈ, ಕೆಂಪು ಕಣ್ಣು ಇದ್ದು ಬಾಳೆಹಣ್ಣಿನ ಸುತ್ತ ಸುಳಿದರೆ ಹಣ್ಣಿನ ನೊಣ. ಅದು ಹೆಚ್ಚಾಗಿ ಮಾರುಕಟ್ಟೆಯಿಂದ ತಂದ ಹಣ್ಣಿನ ಜೊತೆಗೇ ಮನೆಗೆ ಬರುತ್ತದೆ. ಬೂದು ಬಣ್ಣ, ರೋಮದ ರೆಕ್ಕೆ, ಗೋಡೆಯ ಮೇಲೆ ಸುಮ್ಮನೆ ಕೂರುವ ಸ್ವಭಾವವಿದ್ದರೆ ಅದು ಸಿಂಕಿನ ಕೊಳವೆಯ ನೊಣ. ಅನುಮಾನವಿದ್ದರೆ ರಾತ್ರಿ ಸಿಂಕಿನ ತೂತಿನ ಮೇಲೆ ಅಂಟುಪಟ್ಟಿಯನ್ನು ಅಂಟಿನ ಮುಖ ಕೆಳಗಾಗುವಂತೆ, ಸ್ವಲ್ಪ ಸಂದು ಬಿಟ್ಟು ಹಚ್ಚಿ. ಬೆಳಿಗ್ಗೆ ನೊಣ ಅಂಟಿಕೊಂಡಿದ್ದರೆ ತೊಳೆಯಬೇಕಾದದ್ದು ಕೊಳವೆಯನ್ನು. ಹಣ್ಣಿನ ನೊಣಕ್ಕೆ ಲೋಟದಲ್ಲಿ ಸ್ವಲ್ಪ ವಿನಿಗರ್, ಅದರಲ್ಲಿ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿಟ್ಟರೆ ಸಾಕು. ಔಷಧಿ ಸಿಂಪಡಿಸುವ ಅಗತ್ಯ ಇಲ್ಲ, ಅಂಬೆಗಾಲಿಡುವ ಮಗುವಿರುವ ಅಡುಗೆಮನೆಯಲ್ಲಂತೂ ಬೇಡವೇ ಬೇಡ.

ವಾಸನೆ ಬೇರೆ ಕಥೆ. ಅಡುಗೆ ಕಸದ ತೂಕದಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಬುಟ್ಟಿಯ ತಳದಲ್ಲಿ ಆ ನೀರು ನಿಂತು, ಮೇಲಿನ ಕಸದ ಭಾರಕ್ಕೆ ಅಮುಕಿ, ಗಾಳಿ ಸಿಗದಂತಾದಾಗ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಾಣುಗಳು ಕೆಲಸ ಶುರು ಮಾಡುತ್ತವೆ. ಹುಳಿ ಕಮಟು, ಕೊಳೆತ ಮೊಟ್ಟೆಯ ನಾತ ಹುಟ್ಟುವುದು ಅಲ್ಲಿ. ಅದೇ ಸಿಪ್ಪೆ ಗಾಳಿ ತಾಗುವ ಜಾಗದಲ್ಲಿ ಬಾಡಿದರೆ ನಾತ ಬರುವುದಿಲ್ಲ, ಹೆಚ್ಚೆಂದರೆ ಒಣಹುಲ್ಲಿನ ವಾಸನೆ ಬರುತ್ತದೆ. ಆದ್ದರಿಂದ ನಾನು ಸುಗಂಧದ ಉಂಡೆಗಳ ಬದಲಿಗೆ ತೂತಿನ ಪಾತ್ರೆಯನ್ನು ಶಿಫಾರಸು ಮಾಡುತ್ತೇನೆ. ಸಾರಿನ ತಳ, ಕಾಫಿಪುಡಿಯ ಚರಟ, ನೆನೆದ ಅನ್ನವನ್ನು ಮೊದಲು ಸಿಂಕಿನಲ್ಲಿಟ್ಟ ಜರಡಿಗೆ ಹಾಕಿ, ನೀರು ಬಸಿದು ಹೋದ ಮೇಲೆ ಬುಟ್ಟಿಗೆ ಹಾಕಿ. ತಳಕ್ಕೆ ಎರಡು ಹಾಳೆ ಹಳೆಯ ದಿನಪತ್ರಿಕೆ ಹಾಸಿ. ಇಷ್ಟರಿಂದಲೇ ಅರ್ಧ ವಾಸನೆ ಹೋಗುವುದನ್ನು ನಾನು ಮನೆಮನೆಯಲ್ಲಿ ಕಂಡಿದ್ದೇನೆ.

ನನ್ನ ಬಾಲ್ಯದ ಮನೆಯಲ್ಲಿ ಕಸದ ಬುಟ್ಟಿಯೇ ಇರಲಿಲ್ಲ. ಕಲಗಚ್ಚು ಹಸುವಿನ ಬಾನಿಗೆ ಹೋಗುತ್ತಿತ್ತು, ತರಕಾರಿ ಸಿಪ್ಪೆಯೂ ಅದರ ಬಾಯಿಗೇ. ಊಟದ ಬಾಳೆಲೆ, ಒಲೆಯ ಬೂದಿ, ಗುಡಿಸಿದ ಧೂಳು ಎಲ್ಲವೂ ತಿಪ್ಪೆಗೆ ಸೇರಿ, ಮುಂಗಾರಿಗೆ ಮುಂಚೆ ಹೊಲಕ್ಕೆ ಗೊಬ್ಬರವಾಗಿ ಹೋಗುತ್ತಿದ್ದವು. ಮನೆಯಿಂದ ಮೂವತ್ತು ಹೆಜ್ಜೆ ದೂರದ ಹಿತ್ತಲು ಈ ಕೆಲಸವನ್ನೆಲ್ಲ ಮಾಡುತ್ತಿತ್ತು. ನಾವು ಮೂರನೇ ಮಹಡಿಗೆ ಬಂದಾಗ ಅಷ್ಟು ದೊಡ್ಡ ಹಿತ್ತಲನ್ನು ಮಡಚಿ ಸಿಂಕಿನ ಕೆಳಗಿನ ಒಂದು ಡಬ್ಬಿಗೆ ತುರುಕಿದೆವು. ಹಸು ಇಲ್ಲ, ಬಿಸಿಲಿಲ್ಲ, ಗಾಳಿಯಿಲ್ಲ. ಜೊತೆಗೆ ತಿಪ್ಪೆಗೆ ಪರಿಚಯವೇ ಇಲ್ಲದ ಪ್ಲಾಸ್ಟಿಕ್ಕೂ ಡೈಪರೂ ಬಂದು ಸೇರಿದವು. ಅತ್ತೆಯವರಿಗೆ ಈ ಬುಟ್ಟಿಯನ್ನು ಕಂಡರೆ ಅಸಹ್ಯವಾಗುವುದು ಸಹಜ. ಅವರ ಕಣ್ಣಿಗೆ ಇದು ಅಡುಗೆಮನೆಯೊಳಗೆ ಬಂದು ಕೂತ ತಿಪ್ಪೆ. ಆ ಅಸಹ್ಯ ಸರಿಯಾದದ್ದು. ಅದನ್ನು ಗೌರವಿಸಿಯೇ ಪರಿಹಾರ ಹುಡುಕಬೇಕು.

ಬ್ಲೀಚಿಂಗ್ ಪೌಡರ್ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ನಿಜವಾದ ಅಪಾಯವಿದೆ. ಪೌಡರನ್ನು ಕಸದ ಮೇಲೆ ಸುರಿದರೆ ಅದರ ಕ್ಲೋರಿನ್ ಕೊಳೆಯುವ ಪದಾರ್ಥದ ಜೊತೆ ಸೇರಿ ಅಲ್ಲೇ ಮುಗಿದುಹೋಗುತ್ತದೆ. ಮೇಲ್ಪದರದ ಕೆಳಗಿರುವ ಹುಳುವಿಗೆ ಏನೂ ಆಗುವುದಿಲ್ಲ. ಉಳಿಯುವುದು ಗಂಟಲು ಕೆರೆಯುವ ಘಾಟು. ಮೂತ್ರದಲ್ಲಿ ನೆನೆದ ಡೈಪರ್ ಆ ಬುಟ್ಟಿಯಲ್ಲಿದ್ದರೆ ಅಮೋನಿಯ ಸೇರಿ ಕ್ಲೋರಮೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ ಅಥವಾ ವಿನಿಗರ್ ಸೇರಿದರೆ ಕ್ಲೋರಿನ್ ಅನಿಲವೇ ಬರುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಹೀಗೆ ಮಾಡಿಕೊಂಡು ಆಸ್ಪತ್ರೆ ಸೇರಿದವರನ್ನು ನಾನು ಬಲ್ಲೆ. ಪೌಡರನ್ನು ಬಳಸಲೇಬೇಕೆಂದರೆ ಸರಿಯಾದ ಕ್ರಮ ಬೇರೆ. ಬುಟ್ಟಿಯನ್ನು ಖಾಲಿ ಮಾಡಿ, ಸೋಪು ಹಾಕಿ ಉಜ್ಜಿ ತೊಳೆದ ಮೇಲೆ, ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪೌಡರ್ ಕದಡಿ ಹಾಕಿ, ಹತ್ತು ನಿಮಿಷ ಬಿಟ್ಟು, ಗಾಳಿಯಾಡುವ ಜಾಗದಲ್ಲಿ ಚೆಲ್ಲಿ, ಮತ್ತೆ ತೊಳೆದು ಬಿಸಿಲಿಗೆ ಬೋರಲು ಹಾಕುವುದು. ನಿಜ ಹೇಳಬೇಕೆಂದರೆ ಸೋಪು ಮತ್ತು ಬಿಸಿಲು ಎರಡೇ ಸಾಕು. ಹುಳು ಕಂಡಾಗ ಕುದಿಯುವ ನೀರು ಸುರಿಯುವುದು ಒಳ್ಳೆಯ ಉಪಾಯ. ಆದರೆ ತೆಳು ಪ್ಲಾಸ್ಟಿಕ್ ಬುಟ್ಟಿ ಸೊಟ್ಟಗಾಗಬಹುದು, ಮಕ್ಕಳು ದೂರವಿರಲಿ.

ಸ್ಟೀಲ್ ಬುಟ್ಟಿಯನ್ನು ಯಜಮಾನರು ಬಯಸುವುದರಲ್ಲಿ ಅರ್ಥವಿದೆ. ಹಳೆಯ ಪ್ಲಾಸ್ಟಿಕ್ಕಿನ ಮೈತುಂಬ ಗೀರುಗಳಿರುತ್ತವೆ, ಗೀರಿನಲ್ಲಿ ಲೋಳೆ ಕೂತು ಎಷ್ಟು ಉಜ್ಜಿದರೂ ವಾಸನೆ ಬಿಡುವುದಿಲ್ಲ. ಸ್ಟೀಲಿಗೆ ಆ ದೋಷ ಕಡಿಮೆ. (ಬ್ಲೀಚಿಂಗ್ ನೀರನ್ನು ಮಾತ್ರ ಅದಕ್ಕೆ ಹಾಕಬೇಡಿ, ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ.) ಆದರೆ ಗಾಳಿಯಾಡದ ಮುಚ್ಚಳ ಹಸಿ ಕಸಕ್ಕೆ ಹೊಂದುವುದಿಲ್ಲ. ಒಳಗಿನ ತೇವ ಹಬೆಯಾಗಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಕಸದ ಮೇಲೇ ಬೀಳುತ್ತದೆ. ವಾಸನೆ ಹುಟ್ಟುವುದು ನಿಲ್ಲುವುದಿಲ್ಲ, ನೀವು ಮುಚ್ಚಳ ತೆಗೆಯುವ ಘಳಿಗೆಯವರೆಗೆ ಕಾಯುತ್ತದೆ ಅಷ್ಟೇ. ಮುಚ್ಚಳವೇ ಇಲ್ಲದಿದ್ದರೆ ನೊಣ ಬರುತ್ತದೆ. ಗಾಳಿ ಆಡಬೇಕು, ನೊಣ ನುಗ್ಗಬಾರದು. ಇದಕ್ಕೆ ನಮ್ಮ ಅಜ್ಜಿಯರು ಉಪ್ಪಿನಕಾಯಿ ಭರಣಿಗೆ ಮಾಡುತ್ತಿದ್ದ ವ್ಯವಸ್ಥೆಯೇ ಸಾಕು: ಬಾಯಿಗೆ ತೆಳುವಾದ ಹತ್ತಿಯ ಬಟ್ಟೆ, ಸುತ್ತ ಒಂದು ದಾರ ಅಥವಾ ರಬ್ಬರ್ ಬ್ಯಾಂಡ್. ಬಟ್ಟೆಯನ್ನು ವಾರಕ್ಕೆರಡು ಸಲ ಒಗೆಯಿರಿ.

‘ಜೈವಿಕವಾಗಿ ಕರಗುವ’ ಕವರಿನ ಮಾತು ಹೆಚ್ಚಿನವರಿಗೆ ಮೋಸ ಮಾಡುತ್ತದೆ. ಕೆಲವು ಕವರುಗಳು ಬಿಸಿಲಿಗೆ ಪುಡಿಪುಡಿಯಾಗುವ ಮಾಮೂಲಿ ಪ್ಲಾಸ್ಟಿಕ್ ಮಾತ್ರ. ಚೂರಾದರೂ ಅದು ಪ್ಲಾಸ್ಟಿಕ್ಕೇ. ನಿಜವಾಗಿ ಗೊಬ್ಬರವಾಗುವ ಕವರಿನ ಮೇಲೆ ‘ಕಾಂಪೋಸ್ಟಬಲ್’ ಎಂಬ ಮಾತೂ ಐಎಸ್/ಐಎಸ್‌ಒ 17088 ಎಂಬ ಮಾನದಂಡದ ಸಂಖ್ಯೆಯೂ ಇರಬೇಕು. ಇಂಥ ಕವರೂ ದೊಡ್ಡ ಗೊಬ್ಬರ ಘಟಕದ ಬಿಸಿಯಲ್ಲಿ ಕರಗಲು ಮಾಡಿದ್ದು. ನಿಮ್ಮ ಬಾಲ್ಕನಿಯ ಮಡಕೆಯಲ್ಲಿ ತಿಂಗಳುಗಟ್ಟಲೆ ಹಾಗೇ ಉಳಿಯಬಹುದು. ಇನ್ನೊಂದು ತೊಂದರೆ, ಗಾಡಿಯ ಬಳಿ ನಿಂತ ಕಾರ್ಮಿಕರಿಗೆ ಗೊಬ್ಬರವಾಗುವ ಹಸಿರು ಕವರು ಯಾವುದು, ಬರೀ ಹಸಿರು ಬಣ್ಣದ ಪ್ಲಾಸ್ಟಿಕ್ ಯಾವುದು ಎಂದು ತಿಳಿಯುವುದು ಕಷ್ಟ. ಅವರು ಅದನ್ನೂ ಹರಿದು, ಕೈ ಹಾಕಿ ನೋಡಬೇಕಾಗುತ್ತದೆ. ಕವರ್ ಬೇಡ, ಬಕೆಟ್ಟಿನಿಂದ ನೇರವಾಗಿ ಗಾಡಿಗೆ ಸುರಿಯಿರಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮುಖ್ಯ ಸಲಹೆ ಒಂದೇ. ಬುಟ್ಟಿಯನ್ನು ಚಿಕ್ಕದು ಮಾಡಿ. ಆರು ಜನರ, ಮನೆಯಲ್ಲೇ ಅಡುಗೆ ಮಾಡುವ ಕುಟುಂಬದಲ್ಲಿ ಸಾಮಾನ್ಯ ದಿನ ಒಂದರಿಂದ ಒಂದೂವರೆ ಕಿಲೋ ಹಸಿ ಕಸ ಬರುತ್ತದೆ ಎಂಬುದು ನಾನು ಕಂಡ ಲೆಕ್ಕ. ಮಾವಿನ ಕಾಲದಲ್ಲಿ, ಹಬ್ಬದ ದಿನ ಇನ್ನೂ ಹೆಚ್ಚು. ಅಷ್ಟಕ್ಕೆ ಐದಾರು ಲೀಟರಿನ ಪಾತ್ರೆ ಸಾಕು. 20 ಲೀಟರಿನ ಬುಟ್ಟಿ ಇದ್ದರೆ ಅದು ತುಂಬುವ ತನಕ ಕಾಯುತ್ತೇವೆ, ಕಾಯುವಷ್ಟು ದಿನ ನೊಣಕ್ಕೆ ಸಂಸಾರ ಹೂಡಲು ಸಮಯ ಕೊಡುತ್ತೇವೆ. ಪಾತ್ರೆ ಚಿಕ್ಕದಿದ್ದರೆ ಸಂಜೆಯ ಹೊತ್ತಿಗೆ ತುಂಬಿ ತಾನೇ ನೆನಪಿಸುತ್ತದೆ. ದಿನಕ್ಕೊಮ್ಮೆ ಖಾಲಿಯಾಗಿ ತೊಳೆದ ಪಾತ್ರೆಯಲ್ಲಿ ಮೊಟ್ಟೆ ಒಡೆದು ಹುಳುವಾಗಿ ಬೆಳೆಯಲು ಅವಕಾಶವೇ ಇರುವುದಿಲ್ಲ. ಹಳೆಯ ಕುಕ್ಕರಿನ ಪಾತ್ರೆಯೋ ಹಿಡಿ ಇರುವ ಸ್ಟೀಲ್ ಬಕೆಟ್ಟೋ ಮನೆಯಲ್ಲಿ ಇದ್ದೇ ಇರುತ್ತದೆ. ಹೊಸದು ಕೊಳ್ಳುವ ಖರ್ಚೂ ಇಲ್ಲ. ಹಾಂ, ಎರಡು ಬಕೆಟ್ ಇದ್ದರೆ ಒಳ್ಳೆಯದು. ಒಂದು ಬಿಸಿಲಿನಲ್ಲಿ ಒಣಗುವಾಗ ಇನ್ನೊಂದು ಕೆಲಸದಲ್ಲಿರುತ್ತದೆ.

ಈ ಕ್ರಮದ ಕಷ್ಟ ತೊಳೆಯುವುದು ಯಾರು ಎಂಬುದು. ಪ್ರತಿ ಮನೆಯಲ್ಲೂ ಈ ಕೆಲಸ ಒಬ್ಬರೇ ಹೆಂಗಸಿನ ಪಾಲಿಗೆ ಬೀಳುವುದನ್ನು ನೋಡಿದ್ದೇನೆ, ಹಾಗೆ ಬಿದ್ದ ಮನೆಗಳಲ್ಲಿ ಮೂರನೇ ವಾರಕ್ಕೆ ಕಪ್ಪು ಕವರು ಹಿಂತಿರುಗಿದೆ. ಗಾಡಿ ಬರುವ ಹೊತ್ತಿಗೆ ಬಕೆಟ್ ಕೆಳಗಿಳಿಸಿ, ತೊಳೆದು ತರುವ ಕೆಲಸವನ್ನು ಯಜಮಾನರು ವಹಿಸಿಕೊಳ್ಳಲಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಐದು ನಿಮಿಷದ ಕೆಲಸ ಅದು.

ದೀಪ ಹಚ್ಚಿದ ಮೇಲೆ ಕಸ ಹೊರಹಾಕಬಾರದು, ಲಕ್ಷ್ಮಿ ಹೋಗುತ್ತಾಳೆ ಎಂಬ ಮಾತನ್ನು ನನ್ನ ತಾಯಿಯೂ ಹೇಳುತ್ತಿದ್ದರು. ಮಂದ ಬೆಳಕಿನಲ್ಲಿ ಗುಡಿಸಿದರೆ ಬಿದ್ದ ಮೂಗುಬೊಟ್ಟೋ ಓಲೆಯ ತಿರುಪೋ ಕಸದ ಜೊತೆ ಹೋಗಿಬಿಡಬಹುದು ಎಂಬ ಎಚ್ಚರಿಕೆ ಅದರಲ್ಲಿದೆ ಎಂದು ಹಿರಿಯರು ವಿವರಿಸುತ್ತಾರೆ, ನನಗೂ ಅದು ಒಪ್ಪುವ ವಿವರಣೆ. ಆದರೆ ಅತ್ತೆಯವರ ಜೊತೆ ವಾದ ಮಾಡುವ ಅಗತ್ಯವೇ ಇಲ್ಲ. ಸಂಜೆ ದೀಪ ಹಚ್ಚುವ ಮೊದಲು ಹಸಿ ಕಸದ ಬಕೆಟ್ಟನ್ನು ಅಡುಗೆಮನೆಯಿಂದ ಯುಟಿಲಿಟಿಗೋ ಬಾಲ್ಕನಿಯ ಮೂಲೆಗೋ ಸಾಗಿಸಿ, ಬಟ್ಟೆ ಕಟ್ಟಿಡಿ. ರಾತ್ರಿ ಊಟದ ಎಂಜಲು ಬಂದಾಗ ಅಲ್ಲೇ ಹಾಕಿದರಾಯಿತು. ಮನೆಯ ಹೊಸ್ತಿಲು ದಾಟಿ ಏನೂ ಹೋಗಲಿಲ್ಲ. ಬೆಳಿಗ್ಗೆ ಗಾಡಿಗೆ ಹೋಗುತ್ತದೆ. ಈ ಸಲಹೆಯನ್ನು ಒಪ್ಪದ ಅತ್ತೆಯನ್ನು ನಾನು ಇದುವರೆಗೆ ಕಂಡಿಲ್ಲ. ಬುಟ್ಟಿ ಅಡುಗೆಮನೆಯಲ್ಲಿ ರಾತ್ರಿ ಕಳೆಯದೆ ಇರುವುದು ಅವರಿಗೂ ಬೇಕಾದದ್ದೇ.

ಗಾಡಿ ಬಾರದ ದಿನಗಳೂ ಇರುತ್ತವೆ. ಆ ದಿನ ಬಕೆಟ್ಟಿನ ಮೇಲ್ಭಾಗಕ್ಕೆ ಎರಡು ಹಿಡಿ ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿ ಉದುರಿಸಿ. ತೇವವನ್ನು ಅದು ಹೀರುತ್ತದೆ, ನೊಣಕ್ಕೆ ಮೊಟ್ಟೆ ಇಡಲು ಒದ್ದೆ ಜಾಗ ಸಿಗುವುದಿಲ್ಲ. ಮೀನು ಮಾಂಸ ತರುವ ಮನೆಯಾದರೆ ಅದರ ಕಸವನ್ನು ಡಬ್ಬಿಯಲ್ಲಿ ಮುಚ್ಚಿ ಫ್ರೀಜರಿನಲ್ಲಿಟ್ಟು, ಗಾಡಿ ಬಂದ ದಿನ ಕೊಡುವುದು ಚೆನ್ನಾಗಿ ಕೆಲಸ ಮಾಡುತ್ತದೆ.

ಮನೆಯಲ್ಲೇ ಗೊಬ್ಬರ ಮಾಡುವ ಆಸೆ ಇದ್ದರೆ ಮೂರು ಅಂತಸ್ತಿನ ಮಣ್ಣಿನ ಮಡಕೆಗಳು ಬಾಲ್ಕನಿಯಲ್ಲಿ ಹಿಡಿಯುತ್ತವೆ. ಪ್ರತಿದಿನದ ಕಸದ ಮೇಲೆ ಅಷ್ಟೇ ಗಾತ್ರದ ಒಣ ಎಲೆ, ಆಗಾಗ ಸ್ವಲ್ಪ ಹುಳಿ ಮಜ್ಜಿಗೆ, ವಾರಕ್ಕೆರಡು ಸಲ ಕೆದಕುವುದು. ಸುಮಾರು ಎರಡು ತಿಂಗಳಿಗೆ ಮಣ್ಣಿನ ಪರಿಮಳದ ಗೊಬ್ಬರ. ಆದರೆ ನಿಮಗೆ ಈಗಲೇ ಶುರು ಮಾಡಿ ಎಂದು ಹೇಳಲಾರೆ. ಮಡಕೆಯಲ್ಲಿ ಹುಳು ಬರುವುದು ಸಹಜ. ಅವುಗಳಲ್ಲಿ ದಪ್ಪನೆಯ, ಬೂದುಗಂದು ಬಣ್ಣದ ಹುಳುಗಳು ಕಪ್ಪು ಸೈನಿಕ ನೊಣದ ಮರಿಗಳಾಗಿದ್ದು, ಕಸವನ್ನು ಬೇಗ ತಿಂದು ಮುಗಿಸುವ ಉಪಕಾರಿಗಳು. ಹೋದ ವಾರ ಹುಳು ಕಂಡು ನಡುಗಿದ ಮನೆಗೆ ಈ ಪಾಠ ಇನ್ನೊಂದು ಆರು ತಿಂಗಳು ಬಿಟ್ಟು ಸಾಕು. ಸಿಂಕಿಗೆ ಜೋಡಿಸುವ ಅರೆಯುವ ಯಂತ್ರವನ್ನು ಮಾರುವವರು ನಿಮ್ಮಲ್ಲಿಗೂ ಬರಬಹುದು. ಎಂಟು ಮನೆಗಳ ಹಳೆಯ ಕಟ್ಟಡದ ಸಣ್ಣ ಕೊಳವೆಗೆ ಅದು ಬೇಡ. ಅರೆದ ಹಿಟ್ಟು ಎಣ್ಣೆಯ ಜೊತೆ ಸೇರಿ ಕೆಳಗಿನ ಮನೆಯವರ ಬಚ್ಚಲಿನಲ್ಲಿ ಮೇಲೆ ಬರುತ್ತದೆ.

ಡೈಪರಿನಲ್ಲಿ ಮಲವಿದ್ದರೆ ಮೊದಲು ಅದನ್ನು ಶೌಚಕ್ಕೆ ಉದುರಿಸಿ, ಡೈಪರನ್ನು ಬಿಗಿಯಾಗಿ ಸುರುಳಿ ಸುತ್ತಿ, ದಿನಪತ್ರಿಕೆಯಲ್ಲಿ ಕಟ್ಟಿ, ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಚುಕ್ಕೆ ಹಾಕಿ. ಸ್ಯಾನಿಟರಿ ಪ್ಯಾಡುಗಳಿಗೂ ಇದೇ ಕ್ರಮ. ಆ ಚುಕ್ಕೆ ಕಂಡ ಕಾರ್ಮಿಕರು ಪೊಟ್ಟಣವನ್ನು ಬಿಚ್ಚುವುದಿಲ್ಲ. ಈ ಪೊಟ್ಟಣಗಳಿಗೆ ಬೇರೆಯೇ ಒಂದು ಬುಟ್ಟಿ ಬಚ್ಚಲುಮನೆಯಲ್ಲಿ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿರಲಿ. ನಿಮ್ಮ 20 ಲೀಟರಿನ ಕಾಲೊತ್ತು ಬುಟ್ಟಿಯನ್ನು ಉಜ್ಜಿ ತೊಳೆದು ಒಣ ಕಸಕ್ಕೆ ಇಟ್ಟುಕೊಳ್ಳಿ. ಹಾಲಿನ ಪ್ಯಾಕೆಟ್ಟನ್ನು ಒಮ್ಮೆ ನೀರಾಡಿಸಿ ಒಣಗಿಸಿ ಹಾಕಿದರೆ ಅದರಲ್ಲಿ ವಾರ ಕಳೆದರೂ ವಾಸನೆ ಬಾರದು. ಮಲಗುವ ಕೋಣೆಯ ಬುಟ್ಟಿಗಳಿಗೆ ಒಂದೇ ನಿಯಮ, ಅಲ್ಲಿಗೆ ಬಾಳೆಹಣ್ಣಿನ ಸಿಪ್ಪೆ ಹೋಗಬಾರದು. ಇದನ್ನು ಮಗಳಿಗೆ ಹೇಳಿಕೊಡಿ, ಮಕ್ಕಳು ಬೇಗ ಕಲಿಯುತ್ತಾರೆ.

ಇನ್ನು ಸೂಜಿ. ಪತ್ರದಲ್ಲಿ ನೀವು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ನಾನು ಓದುವಾಗ ನಿಂತದ್ದು ಅಲ್ಲೇ. ನಿಮ್ಮ ಮನೆಯ ಹುಳುವಿನಿಂದ ಯಾರ ಜೀವಕ್ಕೂ ಅಪಾಯವಿಲ್ಲ. ಪೇಪರಿನಲ್ಲಿ ಸುತ್ತಿದ ಆ ಸೂಜಿಯಿಂದ ಇದೆ. ಗಾಡಿಯವರು ನಿಮ್ಮನ್ನು ಬೈಯದೆ ಕವರ್ ತೆಗೆದುಕೊಂಡರೂ, ಎಲ್ಲೋ ಒಂದು ಕಡೆ ಅದನ್ನು ಬಿಚ್ಚಿ ಕೈಯಿಂದ ಕೆದಕುವವರು ಇರುತ್ತಾರೆ. ಕೆಲಸದ ಮೊದಲ ವರ್ಷಗಳಲ್ಲಿ ಒಂದು ಬೆಳಿಗ್ಗೆ, ನನ್ನ ಕಣ್ಣೆದುರೇ ಒಬ್ಬ ಮಹಿಳೆಯ ಅಂಗೈಗೆ ಸೂಜಿ ನೆಟ್ಟಿತು. ಆಕೆ ಅದನ್ನು ಕಿತ್ತು ಬಿಸಾಡಿ, ಸೆರಗಿನಲ್ಲಿ ರಕ್ತ ಒರೆಸಿಕೊಂಡು ಕೆಲಸ ಮುಂದುವರಿಸಿದರು. ಅದು ಯಾರ ಮನೆಯ ಸೂಜಿ, ಅವರಿಗೆ ಯಾವ ಕಾಯಿಲೆ ಇತ್ತು ಎಂದು ಕೇಳಲು ದಾರಿಯೇ ಇರಲಿಲ್ಲ. ಹೆಪಟೈಟಿಸ್ ಬಿ, ಸಿ, ಎಚ್ಐವಿ ಮೂರೂ ಹೀಗೆ ಹರಡಬಲ್ಲವು. ರಕ್ತಪರೀಕ್ಷೆಗೆಂದು ಆಕೆಯನ್ನು ಕರೆದೊಯ್ಯಲು ಒಪ್ಪಿಸುವಷ್ಟರಲ್ಲಿ ಸಂಜೆಯಾಗಿತ್ತು, ಆ ದಿನದ ಕೂಲಿ ಹೋಗುತ್ತದೆಂದು ಆಕೆ ಹೆದರಿದ್ದರು. ಅಂದಿನಿಂದ ನಾನು ಯಾವ ಮನೆಗೆ ಹೋದರೂ ಮೊದಲು ಕೇಳುವ ಪ್ರಶ್ನೆ, ಇಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದಾರೆಯೇ ಎಂಬುದು.

ಮಾಡಬೇಕಾದದ್ದು ಸುಲಭ. ಬಟ್ಟೆ ಒಗೆಯುವ ದ್ರವದ ದಪ್ಪ ಪ್ಲಾಸ್ಟಿಕ್ ಬಾಟಲಿಯನ್ನು ತೊಳೆದು, ‘ಸೂಜಿ’ ಎಂದು ದಪ್ಪಕ್ಷರದಲ್ಲಿ ಬರೆದು, ಮಾವನವರು ಇನ್ಸುಲಿನ್ ತೆಗೆದುಕೊಳ್ಳುವ ಜಾಗದ ಪಕ್ಕದಲ್ಲೇ, ಮಕ್ಕಳಿಗೆ ಎಟುಕದಂತೆ ಇಡಿ. ಚುಚ್ಚಿಕೊಂಡ ಕೂಡಲೇ ಸೂಜಿ ನೇರವಾಗಿ ಅದರೊಳಗೆ ಬೀಳಲಿ. ಕುಡಿಯುವ ನೀರಿನ ತೆಳು ಬಾಟಲಿ ಬೇಡ, ಸೂಜಿ ಅದನ್ನು ತೂರಿಬರುತ್ತದೆ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು ಟೇಪ್ ಸುತ್ತಿ, ಮಾವನವರಿಗೆ ಚಿಕಿತ್ಸೆ ನೀಡುವ ಆಸ್ಪತ್ರೆ ಅಥವಾ ಪ್ರಯೋಗಾಲಯದಲ್ಲಿ ತೆಗೆದುಕೊಳ್ಳುತ್ತಾರೆಯೇ ಕೇಳಿ. ಇಲ್ಲವಾದರೆ ಗಾಡಿಯವರ ಕೈಗೆ ಬೇರೆಯಾಗಿ, ಇದರಲ್ಲಿ ಸೂಜಿ ಇದೆ ಎಂದು ಬಾಯಿಬಿಟ್ಟು ಹೇಳಿ ಕೊಡಿ. 2016ರ ಘನತ್ಯಾಜ್ಯ ನಿಯಮಗಳೇ ಬಳಸಿದ ಸೂಜಿ, ಅವಧಿ ಮೀರಿದ ಔಷಧಿ, ಬ್ಯಾಟರಿ, ಒಡೆದ ಥರ್ಮಾಮೀಟರುಗಳನ್ನು ಮನೆಯ ಅಪಾಯಕಾರಿ ಕಸವೆಂದು ಬೇರೆ ಎಣಿಸಿದ್ದವು.

ಯಜಮಾನರ ಕೊನೆಯ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಬೇರ್ಪಡಿಸಿ ಕೊಟ್ಟ ಕಸವನ್ನು ಗಾಡಿಯಲ್ಲಿ ಬೆರೆಸುವುದನ್ನು ನಾನೂ ಕಂಡಿದ್ದೇನೆ, ಅದರ ವಿರುದ್ಧ ಬರೆದು ಜಗಳವಾಡಿದ್ದೇನೆ. ಆದರೆ ಆ ಮಾತು ಹೇಳುವ ಅರ್ಧದಷ್ಟು ಜನರು ಗಾಡಿಯ ಬಳಿ ಹೋಗಿ ನೋಡಿದವರಲ್ಲ. ಯಜಮಾನರು ಒಂದು ವಾರ ಬೆಳಿಗ್ಗೆ ಬಕೆಟ್ ಹಿಡಿದು ಕೆಳಗೆ ಹೋಗಲಿ, ತಮ್ಮ ಕಣ್ಣಿನಿಂದ ನೋಡಲಿ. ಬೆರೆಸುತ್ತಿದ್ದರೆ ಎಂಟು ಮನೆಯವರೂ ಸೇರಿ ವಾರ್ಡಿನ ಕಚೇರಿಗೆ ದೂರು ಕೊಡಿ, ಒಣ ಕಸವನ್ನು ನೀವೇ ವಾರಕ್ಕೊಮ್ಮೆ ವಾರ್ಡಿನ ಒಣತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ತಲುಪಿಸಿ. ಬೆಂಗಳೂರಿನಲ್ಲಿ ಇಂಥ ಹಲವು ಕೇಂದ್ರಗಳನ್ನು ನಡೆಸುತ್ತಿರುವವರು ಹಿಂದೆ ಬೀದಿಯಲ್ಲಿ ಕಸ ಆಯುತ್ತಿದ್ದವರೇ. ಸಾರು ತಾಗದ ಕಾಗದ ಅವರಿಗೆ ಹಣ, ತಾಗಿದ ಕಾಗದ ಬರೀ ಹೊರೆ. ಗಾಡಿಯವರು ಏನೇ ಮಾಡಲಿ, ಡೈಪರನ್ನು ಅಡುಗೆ ಕಸದಿಂದ ಬೇರೆ ಮಾಡಿದ್ದರ ಫಲ ನಿಮ್ಮ ಮಗುವಿಗಂತೂ ಮನೆಯೊಳಗೇ ಸಿಗುತ್ತದೆ.

ಕಸ ಬೇರ್ಪಡಿಸುವುದು ಈಚಿನ ಹುಚ್ಚು ಎಂದು ಯಜಮಾನರು ಅಂದುಕೊಂಡಿದ್ದರೆ ಅದೂ ಅಲ್ಲ. ಪ್ಯಾರಿಸ್ಸಿನಲ್ಲಿ 1883ರಲ್ಲೇ ಯುಜೀನ್ ಪೂಬೆಲ್ ಎಂಬ ಅಧಿಕಾರಿ, ಪ್ರತಿ ಕಟ್ಟಡದ ಮಾಲೀಕನೂ ಬಾಡಿಗೆದಾರರಿಗೆ ಕಸದ ಡಬ್ಬಿ ಒದಗಿಸಬೇಕು, ಕೊಳೆಯುವುದು ಒಂದರಲ್ಲಿ, ಕಾಗದ ಬಟ್ಟೆ ಇನ್ನೊಂದರಲ್ಲಿ, ಗಾಜು ಪಿಂಗಾಣಿ ಸಿಂಪಿಚಿಪ್ಪು ಮತ್ತೊಂದರಲ್ಲಿ ಎಂದು ಆದೇಶಿಸಿದ್ದ. ಮಾಲೀಕರೂ ಚಿಂದಿ ಆಯುವವರೂ ಆಗ ಸಿಟ್ಟಾಗಿದ್ದರು. ಇಂದು ಫ್ರೆಂಚರು ಕಸದ ಬುಟ್ಟಿಯನ್ನು ಕರೆಯುವುದೇ ‘ಪೂಬೆಲ್’ ಎಂದು. ನಮ್ಮಲ್ಲಿ 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿ ಬೆಂಗಳೂರಿನ ಬೀದಿಗಳಲ್ಲಿ ರಾಶಿ ಬಿದ್ದಾಗ, ಕಸವೆಲ್ಲ ಮಂಡೂರಿನ ಜನರ ತಲೆಯ ಮೇಲೆ ಹೋಯಿತು. ಆ ಊರಿನವರು ಬೀದಿಗಿಳಿದು ಹೋರಾಡಬೇಕಾಯಿತು. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ (ಹಸಿ ಕಸಕ್ಕೊಂದು, ಡೈಪರಿನಂಥ ಕಸಕ್ಕೊಂದು), ಒಣ ಕಸಕ್ಕೆ ಒಂದು ಚೀಲದ ಕ್ರಮವನ್ನು ಕಡ್ಡಾಯ ಮಾಡಿದ್ದು ಇದರ ಬೆನ್ನಿಗೆ. ನಿಮ್ಮ ಸಿಂಕಿನ ಕೆಳಗೆ ವಾಸನೆ ಬರುವ ಕಪ್ಪು ಕವರು ಅಲ್ಲಿಂದ ಹೊರಟ ಮೇಲೆ ಇನ್ನೊಂದು ಊರಿನ ಬಾವಿಯ ಪಕ್ಕ ಕೂತು ಅದೇ ವಾಸನೆಯನ್ನು ಬೀರುತ್ತಿತ್ತು. ಆ ಬಾವಿಯ ನೀರು ಕೈಯಲ್ಲಿ ಹಿಡಿದು ತೋರಿಸಿದ ಮುದುಕರೊಬ್ಬರ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಕೊನೆಯದಾಗಿ, ನಾಳೆಯಿಂದಲೇ ಎಲ್ಲ ಬದಲಿಸಿದರೂ ಒಂದು ವಾರ ಹತ್ತು ದಿನ ಮನೆಯಲ್ಲಿ ದೊಡ್ಡ ನೊಣಗಳು ಕಾಣಿಸಿಕೊಳ್ಳಬಹುದು. ಗಾಬರಿಯಾಗಿ ಬ್ಲೀಚಿಂಗ್ ಪೌಡರ್ ಹುಡುಕಬೇಡಿ. ಆ ಬೆಳಿಗ್ಗೆ ನಿಮ್ಮ ಕಣ್ಣಿಗೆ ಬೀಳದೆ ಹರಿದು ಹೋದ ಹುಳುಗಳು ಎಲ್ಲೋ ಕೋಶ ಕಟ್ಟಿ ಕೂತಿರುತ್ತವೆ. ಸಿಂಕಿನ ಕೆಳಗಿನ ಕಪಾಟಿನ ಹಲಗೆಯ ಸಂದು, ಗ್ಯಾಸ್ ಸಿಲಿಂಡರಿನ ಅಡಿ, ಫ್ರಿಜ್ಜಿನ ಹಿಂದೆ ಒಮ್ಮೆ ಎಳೆದು ಗುಡಿಸಿ. ಹುರಿದ ಗೋಧಿಕಾಳಿನಂಥ ಕೆಂಗಂದು ಕಾಳುಗಳು ಸಿಕ್ಕರೆ ಅವೇ ಕೋಶಗಳು. ಗುಡಿಸಿ ಕುದಿಯುವ ನೀರಿಗೆ ಹಾಕಿ. ಹಗಲು ಹೊತ್ತಿನಲ್ಲಿ ಗುಡಿಸಿ; ಅವು ಸಣ್ಣವು, ಬೆಳಕಿಲ್ಲದೆ ಕಾಣುವುದಿಲ್ಲ.